ಗುಡ್ಡದ ದೊಡ್ಡ ಡಬ್ಬಿ, ಗೇಟಿನ ಸಣ್ಣ ಬೋಲ್ಟು: ಒಂದು ಜಿಯೋಕ್ಯಾಶ್ ಪ್ರಕರಣ

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವಾಗ, ಊರು ಹಿಂದೆ ಬಿದ್ದ ಮೇಲೆ ಒಳದಾರಿಯೊಂದರಲ್ಲಿ ಸಿಗುವ ಖಾಸಗಿ ಜಮೀನು. ಮುಂದೆ ಶೇಂಗಾ ಬಿತ್ತುವ ಹೊಲ, ನಡುವೆ ಬೋರ್‌ವೆಲ್ಲಿನ ಮೋಟಾರ್ ಮನೆ, ಹಿಂದೆ ಗುಂಡುಕಲ್ಲುಗಳ ಒಂದು ಗುಡ್ಡ. ಈ ಜಮೀನಿನಲ್ಲಿ ಒಬ್ಬರೇ ಮನುಷ್ಯ ಒಂದೇ ದಿನ ಎರಡು ಜಿಯೋಕ್ಯಾಶ್, ಅಂದರೆ ಇತರರು ಜಿಪಿಎಸ್ ಹಿಡಿದು ಹುಡುಕಬೇಕಾದ ಆಟದ ವಸ್ತು, ಬಚ್ಚಿಟ್ಟರು. ಒಂದು ಎರಡು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು ಕಿರುಬೆರಳ ತುದಿಯಷ್ಟಿರುವ ಬೋಲ್ಟು. ಡಬ್ಬಿ ಸುಲಭ, ಬೋಲ್ಟು ಕಷ್ಟ ಎಂದು ಅವರೇ ದರ್ಜೆ ಕೊಟ್ಟರು. ಆದದ್ದು ತಿರುಗಾಮುರುಗಾ. ಬೋಲ್ಟು ಹೋದವರಿಗೆಲ್ಲ ಸಿಕ್ಕಿತು. ಡಬ್ಬಿ ಬೇಸಿಗೆ ಕಳೆದು, ಮಳೆಗಾಲ ಕಳೆದರೂ ಯಾರ ಕೈಗೂ ಬರಲಿಲ್ಲ.

ಬಚ್ಚಿಟ್ಟವರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಜಮೀನು ಅವರ ಭಾವಮೈದುನರದು, ಒಪ್ಪಿಗೆ ಮೊದಲೇ ಪಡೆದದ್ದು. ಆಡಿದ್ದು ಚಿತ್ರದುರ್ಗ ಮತ್ತು ದಾವಣಗೆರೆಯ ನಮ್ಮ ಸಣ್ಣ ಗುಂಪು: ಬ್ಯಾಂಕಿನವರು, ಇಂಜಿನಿಯರಿಂಗ್ ಓದುವ ಮಕ್ಕಳು, ಒಬ್ಬಿಬ್ಬರು ಅಂಗಡಿಯವರು. ಆಟದ ಜಾಲತಾಣಕ್ಕೆ ಹಾಕುವ ಮುಂಚೆ ನಮ್ಮೊಳಗೇ ಆಡಿ ನೋಡೋಣ ಎಂದು ವಾಟ್ಸಾಪ್ ಗುಂಪಿನಲ್ಲೇ ಲಾಗ್, ಅಂದರೆ ಹುಡುಕಿ ಬಂದವರ ಟಿಪ್ಪಣಿ, ಬರೆಸಿದೆವು. ಆ ಲಾಗ್‌ಗಳನ್ನು ಒಟ್ಟುಮಾಡಿ ಇಡುವ ಕೆಲಸ ನನ್ನದಾಗಿದ್ದರಿಂದ ಈ ಪ್ರಕರಣ ಬರೆಯುವುದೂ ನನ್ನ ಪಾಲಿಗೆ ಬಂತು.

ಆಟ ಗೊತ್ತಿಲ್ಲದವರಿಗೆ

2000ನೇ ಇಸವಿ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುವ ಯಂತ್ರ ಹಿಡಿದು ಡಬ್ಬಿ ಹುಡುಕುವ ಮಾತೇ ಇರಲಿಲ್ಲ. ಆ ಕೆಡಿಸುವಿಕೆ ನಿಂತದ್ದೇ ತಡ, ಮೇ 3ರಂದು ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ. ಕೆಲವೇ ದಿನಗಳಲ್ಲಿ ಹುಡುಕಿದವರೂ ಬಂದರು. ಈಗ ಜಗತ್ತಿನಾದ್ಯಂತ ಇಂಥ 30 ಲಕ್ಷಕ್ಕೂ ಹೆಚ್ಚು ಕ್ಯಾಶ್‌ಗಳಿವೆ. ಡಬ್ಬಿ ಸಿಕ್ಕರೆ ಒಳಗಿನ ಕಾಗದದಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಸಿಗದಿದ್ದರೆ ಡಿಎನ್‌ಎಫ್, ಅಂದರೆ ಹುಡುಕಿದೆ ಸಿಗಲಿಲ್ಲ ಎಂದು ಬರೆಯಬೇಕು. ನೆಲ ಅಗೆದು ಹೂಳುವಂತಿಲ್ಲ.

ಪ್ರತಿ ಕ್ಯಾಶಿಗೂ ಎರಡು ಅಂಕ ಇರುತ್ತವೆ: ಹುಡುಕುವ ಕಷ್ಟಕ್ಕೊಂದು, ಅಲ್ಲಿಗೆ ತಲುಪುವ ದಾರಿಯ ಕಷ್ಟಕ್ಕೊಂದು. 1ರಿಂದ 5ರವರೆಗೆ, ಅರ್ಧರ್ಧ ಏರುತ್ತಾ. ಕೊಡುವುದು ಬಚ್ಚಿಟ್ಟವರೇ. ನನ್ನ ಪ್ರಕಾರ ಆಟದ ದುರ್ಬಲ ಜಾಗ ಇದೇ. ಉತ್ತರ ಗೊತ್ತಿರುವವರು ಪ್ರಶ್ನೆ ಎಷ್ಟು ಕಷ್ಟ ಎಂದು ಹೇಳಬೇಕಾಗುತ್ತದೆ. ಮೇಷ್ಟ್ರು ಡಬ್ಬಿಗೆ ಹುಡುಕುವ ಕಷ್ಟ 1.5, ದಾರಿಯ ಕಷ್ಟ 2.5 ಕೊಟ್ಟಿದ್ದರು. ಬೋಲ್ಟಿಗೆ 4 ಮತ್ತು 1.5.

ಕೋಟೆಯಲ್ಲೇ ಯಾಕೆ ಇಡಲಿಲ್ಲ ಎಂದು ಕೇಳುವವರಿದ್ದಾರೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿ ಕಲ್ಲುಸಂದಿಗೆ ಡಬ್ಬಿ ತುರುಕುವುದೂ, ಅದಕ್ಕಾಗಿ ಹತ್ತು ಜನ ಬಂದು ಕಲ್ಲು ಕದಲಿಸುವುದೂ ಸಲ್ಲದು. ಮೊದಲ ದಿನವೇ ಆ ಮಾತು ಮುಗಿದಿತ್ತು.

ಬೋಲ್ಟು

ಇದರದು ಚಿಕ್ಕ ಕಥೆ. ಮೋಟಾರ್ ಮನೆಯ ಕಬ್ಬಿಣದ ಗೇಟಿನಲ್ಲಿ ಸಾಲಾಗಿ ಬೋಲ್ಟುಗಳಿವೆ. ಅವುಗಳ ಜೊತೆಗೆ ಮೇಷ್ಟ್ರು ಅಂಟಿಸಿದ್ದು ಒಳಗೆ ಟೊಳ್ಳಿರುವ, ಹಿಂದೆ ಮ್ಯಾಗ್ನೆಟ್ ಇರುವ ನಕಲಿ ಬೋಲ್ಟು. ತಿರುಗಿಸಿದರೆ ಮುಚ್ಚಳ ಬಿಚ್ಚುತ್ತದೆ, ಒಳಗೆ ಬೀಡಿಗಿಂತ ಸಣ್ಣಗೆ ಸುತ್ತಿಟ್ಟ ಕಾಗದದ ಪಟ್ಟಿ. ನೋಡಿದವರು ಭಲೇ ಎನ್ನಬೇಕು, ಅಷ್ಟು ಅಚ್ಚುಕಟ್ಟು.

ಆದರೂ ಯಾಕೆ ಎಲ್ಲರಿಗೂ ಸಿಕ್ಕಿತು? ಮೋಟಾರ್ ಮನೆಯ ಸುತ್ತ ಬಯಲು. ಬಯಲಲ್ಲಿ ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರ್ ಒಳಗೆ ತಂದು ನಿಲ್ಲಿಸುತ್ತದೆ. ಆ ಐದು ಮೀಟರ್ ಸುತ್ತಿನಲ್ಲಿ ಇದ್ದದ್ದು ಒಂದು ಗೋಡೆ, ಒಂದು ಗೇಟು, ಒಂದು ಬೇವಿನ ಮರ. ಬೇರೇನೂ ಇಲ್ಲ. ಮರ ನೋಡಿದರು, ಗೋಡೆ ಸವರಿದರು, ಉಳಿದದ್ದು ಗೇಟು. ಕಬ್ಬಿಣ ಕಂಡ ಕೂಡಲೇ ಹಳಬರಿಗೆ ಮ್ಯಾಗ್ನೆಟ್ ನೆನಪಾಗುತ್ತದೆ. ಹೊಸಬರು ಒಂದೊಂದೇ ಬೋಲ್ಟು ಹಿಡಿದು ಅಲ್ಲಾಡಿಸಿದರು. ಉಳಿದವಕ್ಕೆಲ್ಲ ಗೇಟಿನ ಹಿಂದುಗಡೆ ನಟ್ಟು ಇದೆ, ತುಕ್ಕು ಇದೆ. ಇದಕ್ಕೆ ಎರಡೂ ಇಲ್ಲ. ಜೊತೆಗೆ 4 ಎಂಬ ಅಂಕ ನೋಡಿ ಬಂದವರು ಸುಲಭಕ್ಕೆ ಬಿಡಬಾರದು ಎಂದು ಮನಸ್ಸು ಮಾಡಿಕೊಂಡೇ ಬಂದಿದ್ದರು.

ಡಬ್ಬಿ

ಗುಡ್ಡ ಎಂದರೆ ದೊಡ್ಡದೇನಲ್ಲ. ಆದರೆ ಚಿತ್ರದುರ್ಗದ ಗುಡ್ಡ. ಮನೆಯಷ್ಟೆತ್ತರದ ಗುಂಡು, ಅದರ ಮೇಲೆ ಎಮ್ಮೆಯಷ್ಟು ದೊಡ್ಡ ಗುಂಡು, ಎರಡರ ನಡುವೆ ಸಂದಿ, ಸಂದಿಯಲ್ಲಿ ಇನ್ನೊಂದು ಸಂದಿ. ನಡುನಡುವೆ ಸೀತಾಫಲದ ಪೊದೆ. ಮೇಷ್ಟ್ರು ಡಬ್ಬಿಗೆ ಬೂದಿ ಬಣ್ಣ ಬಳಿದು, ಮೇಲೆ ಸ್ಪಂಜಿನಿಂದ ಕಾವಿ ಒತ್ತಿದ್ದರು. ಒಂದು ಗುಂಡಿನ ಬಗಲಲ್ಲಿದ್ದ ಅಡ್ಡ ಸೀಳಿಗೆ ಸರಿಸಿ, ಮುಂದೆ ಮೂರು ಚಪ್ಪಟೆ ಕಲ್ಲು ಇಟ್ಟಿದ್ದರು. ಸುಳಿವು: “ನೆರಳಿನಲ್ಲಿದೆ.”

ಮೊದಲು ಹೋದವರು ದಾವಣಗೆರೆಯ ಬ್ಯಾಂಕ್ ದಂಪತಿ. ಇನ್ನೂ ಬೇಸಿಗೆ, ಸೀತಾಫಲದ ಪೊದೆಯಲ್ಲಿ ಎಲೆಯೇ ಇಲ್ಲದ ಕಾಲ. ಅವರ ಲಾಗ್ ಓದಿದರೆ ಪಾಪ ಎನಿಸುತ್ತದೆ. ಮೊಬೈಲು ಎಂಟು ಮೀಟರ್ ಎಂದು ತೋರಿಸಿದ ಕಡೆ ಎರಡು ಹೆಜ್ಜೆ ಇಟ್ಟರೆ ಇಪ್ಪತ್ತು ಎನ್ನುತ್ತಿತ್ತು, ಹಿಂದಕ್ಕೆ ಬಂದರೆ ಹದಿನಾಲ್ಕು. ಬಾಣದ ಗುರುತು ಗಿರಗಿರ ತಿರುಗುತ್ತಿತ್ತು. (ಅವರ ಮೊಬೈಲಿನ ಪೌಚಿನ ಗುಂಡಿಯಲ್ಲಿ ಮ್ಯಾಗ್ನೆಟ್ ಇತ್ತು, ಬಾಣ ತಿರುಗಿದ್ದಕ್ಕೆ ಅದೂ ಒಂದು ಕಾರಣ. ಕ್ಯಾಶ್ ಹುಡುಕಲು ಹೋಗುವವರು ಅಂಥ ಪೌಚು ಕಳಚಿ ಜೇಬಿಗೆ ಹಾಕಿಕೊಳ್ಳುವುದು ಒಳ್ಳೆಯದು.)

ಆಮೇಲೆ ಹೋದ ಇಂಜಿನಿಯರಿಂಗ್ ಹುಡುಗರು ಗುಡ್ಡಕ್ಕೇ ಹೋಗಲಿಲ್ಲ. ಈ ಆಟದಲ್ಲಿ ಅಕ್ಷಾಂಶ ರೇಖಾಂಶವನ್ನು ಡಿಗ್ರಿ, ಮಿನಿಟು, ಮಿನಿಟಿನ ದಶಾಂಶ ಎಂದು ಬರೆಯುವ ಪದ್ಧತಿ. ಅಕ್ಷಾಂಶದಲ್ಲಿ ಡಿಗ್ರಿಯ ಮುಂದೆ 13.305 ಎಂದಿದ್ದರೆ ಹದಿಮೂರು ಮಿನಿಟು ಮತ್ತು ಅದರ ಮೇಲೆ ಒಂದು ಮಿನಿಟಿನ ಸಾವಿರದಲ್ಲಿ 305 ಭಾಗ. ಅದನ್ನೇ 13 ಮಿನಿಟು 30.5 ಸೆಕೆಂಡು ಎಂದು ಓದಿಕೊಂಡರೆ ಸುಮಾರು 375 ಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಹುಡುಗರು ಹೀಗೇ ಓದಿಕೊಂಡು ಯಾರದೋ ಮೆಕ್ಕೆಜೋಳದ ಹೊಲದಲ್ಲಿ ಹುಡುಕಿ, ಹೊಲದವರಿಂದ ಬೈಸಿಕೊಂಡು ಬಂದರು. ಇದನ್ನು ಕ್ಯಾಶಿನ ಕಷ್ಟ ಎನ್ನಲಾಗದು. ಆದರೆ ಅವರೂ ಡಿಎನ್‌ಎಫ್ ಎಂದೇ ಬರೆದರು, ಪಟ್ಟಿಯಲ್ಲಿ ಅದೂ ಸೇರಿತು.

ಮಳೆ ಬಿದ್ದ ಮೇಲೆ ಹೋದ ಇನ್ನೊಂದು ತಂಡಕ್ಕೆ ಎದುರಾದದ್ದು ಕುರಿ ಕಾಯುವವರು. ನಾಲ್ಕು ಜನ ಮೊಬೈಲು ಹಿಡಿದು, ಟಾರ್ಚು ಬಿಟ್ಟು, ಕಲ್ಲು ಎತ್ತೆತ್ತಿ ನೋಡುತ್ತಿದ್ದರೆ ನಮ್ಮ ಕಡೆ ಜನ ಏನಂದುಕೊಳ್ಳುತ್ತಾರೆ? ಹಳೇ ಗುಡಿ, ವೀರಗಲ್ಲು, ಬಂಡೆಯ ಬುಡ ಅಗೆದು ಹಾಳುಮಾಡುವ ನಿಧಿಗಳ್ಳರ ಕಾಟ ಈ ಸೀಮೆಯಲ್ಲಿ ಹೊಸದಲ್ಲ.

“ಏನ್ ಸ್ವಾಮಿ, ಅಮಾಸೆ ನೋಡ್ಕಂಡೇ ಬಂದಿದ್ದೀರಾ?” ಎಂದರಂತೆ ಒಬ್ಬ ಯಜಮಾನರು.

ಅವತ್ತು ನಿಜವಾಗಿಯೂ ಅಮಾವಾಸ್ಯೆ. ಎಷ್ಟು ವಿವರಿಸಿದರೂ ಯಜಮಾನರು ಕದಲಲಿಲ್ಲ, ಕೋಲೂರಿಕೊಂಡು ನೋಡುತ್ತಾ ನಿಂತರು. ತಂಡ ಅರ್ಧಕ್ಕೇ ವಾಪಸು. ಆಟದ ವಿಷಯ ಗೊತ್ತಿಲ್ಲದ ದಾರಿಹೋಕರನ್ನು ಈ ಆಟದವರು ಮಗಲ್ ಎನ್ನುತ್ತಾರೆ. ಅವರ ಕಣ್ಣಿಗೆ ಬೀಳದಂತೆ ಹುಡುಕುವುದೂ ಆಟದ ಭಾಗವೇ. ಆದರೆ ಯುರೋಪಿನ ಪಾರ್ಕಿನಲ್ಲಿ ಮಗಲ್ ಎಂದರೆ ಬರೀ ಕುತೂಹಲ, ಇಲ್ಲಿ ಅನುಮಾನ. ಮತ್ತು ಆ ಅನುಮಾನ ನ್ಯಾಯವಾದದ್ದು.

ಕೊನೆಗೆ ಬೆಂಗಳೂರಿನಿಂದ ಬಂದಿದ್ದ, ಈ ಆಟದಲ್ಲಿ ಪಳಗಿದ ಒಬ್ಬರು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಸಮೇತ ಹೋದರು. ಅವರಿಗೂ ಸಿಗಲಿಲ್ಲ. “1.5 ಅಂಕದ ದೊಡ್ಡ ಡಬ್ಬಿ ನನಗೆ ಸಿಗದೆ ಇರೋದಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ” ಎಂದು ಬರೆದರು. ಈ ಒಂದು ಸಾಲು ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸಿತು. ಇಲ್ಲ ಎಂದು ನಂಬಿ ಹೋದವರು ಎಷ್ಟು ಹೊತ್ತು ಹುಡುಕಿಯಾರು? ಆಮೇಲಿನವರ ಲಾಗ್‌ಗಳೆಲ್ಲ ಎರಡೇ ಪದ: “ಇಲ್ಲ ಬಿಡಿ.” ಮೇಷ್ಟ್ರು ಹೋಗಿ ನೋಡಿದರು. ಡಬ್ಬಿ ಇಟ್ಟಲ್ಲೇ ಇತ್ತು, ಒಳಗಿನ ಕಾಗದಕ್ಕೆ ತೇವ ಕೂಡ ತಾಗಿರಲಿಲ್ಲ.

ಸಿಕ್ಕ ಬಗೆ

ಸಿಕ್ಕಿದ್ದು ಸೀತಾಫಲ ಮಾಗುವ ಹೊತ್ತಿಗೆ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಗೆ. ಅವಳೂ ಕೆಳಗಿನಿಂದಲೇ ಹುಡುಕಿ ಸೋತು, ಗುಂಡಿನ ಮೇಲೆ ಹತ್ತಿ ಕೂತು ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದಾಳೆ. ತಿಂದು ಮುಗಿಸಿ, ಹತ್ತಿದ ಕಡೆ ಇಳಿಯಲು ಹೆದರಿ, ಹಿಂಬದಿಯ ಇಳಿಜಾರಿನಲ್ಲಿ ಕೂತುಕೊಂಡೇ ಜಾರುತ್ತಾ ಬಂದಿದ್ದಾಳೆ. ಅರ್ಧ ಇಳಿದಾಗ ಎದುರಿಗೇ ಮೂರು ಚಪ್ಪಟೆ ಕಲ್ಲು. ಸುತ್ತಲಿನ ಕಲ್ಲುಗಳ ಮೈಮೇಲೆಲ್ಲ ಬೂದಿ, ಕಪ್ಪು ಹಾವಸೆ ಒಣಗಿ ಕಚ್ಚಿಕೊಂಡಿದೆ. ಈ ಮೂರರಲ್ಲಿ ಒಂದು ಮಾತ್ರ ಬಿಳಿಚಿಕೊಂಡ ಮೈ ಮೇಲೆ ಮಾಡಿಕೊಂಡು, ಹಾವಸೆಯ ಮೈ ಕೆಳಗೆ ಹಾಕಿ ಮಲಗಿದೆ. ಕಲ್ಲು ತಾನಾಗಿ ಮಗ್ಗುಲು ಬದಲಿಸುವುದಿಲ್ಲ. ಎತ್ತಿದರೆ ಡಬ್ಬಿ.

ಮೇಷ್ಟ್ರಿಗೆ ಫೋನ್ ಮಾಡಿ ಅವಳು ಕೇಳಿದ ಮೊದಲ ಮಾತು: “ಸಾರ್, ನೀವು ಮೇಲಿಂದ ಇಳೀತಾ ಇಟ್ರಿ ಅಲ್ವಾ?”

“ಹೌದಮ್ಮ, ಅದ್ಹೆಂಗೆ ಗೊತ್ತಾಯ್ತು ನಿಂಗೆ?”

“ಕೆಳಗಿಂದ ಬಂದೋರಿಗೆ ಆ ಸೀಳು ಇದೆ ಅಂತಾನೇ ಕಾಣಲ್ಲ ಸಾರ್.”

ಈ ಪ್ರಕರಣದ ತಿರುಳು ಅವಳ ಈ ಮಾತಿನಲ್ಲಿದೆ. ಮೇಷ್ಟ್ರು ಅಂದು ಗುಡ್ಡದ ತುದಿ ನೋಡಿಕೊಂಡು ಇಳಿಯುವಾಗ ಡಬ್ಬಿ ಇಟ್ಟಿದ್ದರು. ಅವರ ಕಣ್ಣಿಗೆ ಸೀಳು ಢಾಳಾಗಿ ಕಾಣುತ್ತಿತ್ತು, ಅದಕ್ಕೇ 1.5. ಹುಡುಕುವವರು ಬಾಣದ ಗುರುತು ಹಿಡಿದು ಹೊಲದ ಕಡೆಯಿಂದ ಬರುತ್ತಾರೆ. ಆ ಕಡೆಯಿಂದ ನೋಡಿದರೆ ಸೀಳಿನ ಮುಂದೆ ಬಂಡೆಯ ಹೊಟ್ಟೆ ಉಬ್ಬಿಕೊಂಡಿದೆ. ಕೋಟೆಯ ಓಬವ್ವನ ಕಿಂಡಿಯನ್ನು ಹೊರಗಿನಿಂದ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ದಾರಿ ಇದ್ದೂ ಇಲ್ಲದಂತೆ ಕಾಣುವುದು ನಿಂತ ಜಾಗದಿಂದ.

ಬಿಡಿಸಿ ನೋಡಿದಾಗ

ನಂತರ ನಾವೆಲ್ಲ ಒಟ್ಟಿಗೆ ಆ ಜಾಗಕ್ಕೆ ಹೋದೆವು. ಬೇರೆ ಬೇರೆ ಕಂಪನಿಯ ಮೂರು ಮೊಬೈಲುಗಳನ್ನು ಸೀಳಿನ ಪಕ್ಕ ಇಟ್ಟು ನೋಡಿದೆವು. ಮೂರೂ ಮೂರು ಕಡೆ ತೋರಿಸಿದವು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಮೂರು ಬೇರೆ ಕಡೆ. ಕಾರಣ ಮೇಷ್ಟ್ರೇ ವಿವರಿಸಿದರು. ಉಪಗ್ರಹದಿಂದ ಸಂಕೇತ ಬರಲು ಹಿಡಿದ ಸಮಯದಿಂದ ಮೊಬೈಲು ದೂರ ಲೆಕ್ಕ ಹಾಕುತ್ತದೆ. ದೊಡ್ಡ ಬಂಡೆಯ ಮಗ್ಗುಲಲ್ಲಿ ಅರ್ಧ ಆಕಾಶ ಮರೆ. ನೇರ ಬರಬೇಕಾದ ಸಂಕೇತ ತಡೆದು, ಎದುರಿನ ಬಂಡೆಗೆ ಬಡಿದು ಪುಟಿದದ್ದು ಬಂದು ತಲುಪುತ್ತದೆ. ಸುತ್ತಿ ಬಂದದ್ದರಿಂದ ದೂರ ಹೆಚ್ಚಾಗಿ ತೋರುತ್ತದೆ, ಜಾಗ ತಪ್ಪುತ್ತದೆ. ಇದು ಹುಡುಕುವವರ ಮೊಬೈಲಿಗೆ ಹೇಗೋ ಬಚ್ಚಿಡುವವರ ಮೊಬೈಲಿಗೂ ಹಾಗೇ. ಮೇಷ್ಟ್ರು ಅಂದು ಒಂದೇ ಸಲ ಓದಿ ಬರೆದುಕೊಂಡಿದ್ದರು. ಅಂದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು.

ಲೆಕ್ಕ ನೋಡಿ. ತಪ್ಪು ಐದು ಮೀಟರ್ ಇದ್ದರೆ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 78 ಚದರ ಮೀಟರ್. ತಪ್ಪು ಹದಿನೈದಾದರೆ ಸುಮಾರು 707. ತಪ್ಪು ಮೂರು ಪಟ್ಟು, ಜಾಗ ಒಂಬತ್ತು ಪಟ್ಟು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಗೇಟಿನ ಬಳಿಯ 78 ಚದರ ಮೀಟರಿನಲ್ಲಿ ಡಬ್ಬಿ ಇರಬಹುದಾದ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು. ಗುಡ್ಡದ 707ರಲ್ಲಿ ಎಣಿಸಲು ಹೋದರೆ ಹೊತ್ತು ಮುಳುಗುತ್ತದೆ. ಕ್ಯಾಶ್ ಕಷ್ಟವಾಗುವುದು ಡಬ್ಬಿಯ ಗಾತ್ರದಿಂದಲ್ಲ, “ಇಲ್ಲೇ ಇರಬಹುದು” ಎನಿಸುವ ಜಾಗಗಳ ಸಂಖ್ಯೆಯಿಂದ ಎಂದು ನಾನು ಹೇಳುವುದು ಇದಕ್ಕೇ. ಬಯಲಲ್ಲಿ ಬೋಲ್ಟು ಇಟ್ಟರೂ ಸಿಗುತ್ತದೆ, ಗುಂಡುಗಳ ನಡುವೆ ಬಕೆಟ್ ಇಟ್ಟರೂ ಸಿಗುವುದಿಲ್ಲ.

ಸುಳಿವಿನ ಕೆಲಸ ಈ ಜಾಗಗಳನ್ನು ಕಡಿಮೆ ಮಾಡುವುದು. “ನೆರಳಿನಲ್ಲಿದೆ” ಎಂಬುದು ಒಂದು ಜಾಗವನ್ನೂ ಕಡಿಮೆ ಮಾಡಲಿಲ್ಲ. ಗುಡ್ಡದಲ್ಲಿ ನೆರಳಿಲ್ಲದ ಸಂದಿ ಯಾವುದು? ಸುಳಿವು ಕೊಟ್ಟೂ ಕೊಡದ ಹಾಗೆ. ಇಂಗ್ಲಿಷ್ ಸುಳಿವನ್ನು ಅಕ್ಷರಗಳನ್ನು ಹದಿಮೂರು ಸ್ಥಾನ ಸರಿಸಿ ಗುಪ್ತವಾಗಿ ಬರೆಯುವ ರೂಢಿ ಈ ಆಟದಲ್ಲಿದೆ. ಅಷ್ಟು ಕಷ್ಟಪಟ್ಟು ಬಿಡಿಸಿ ಓದಿದವರಿಗೆ ಇಂಥ ಸುಳಿವು ಸಿಕ್ಕಿದ್ದರೆ ಮೇಷ್ಟ್ರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಇನ್ನು ಅಂಕದ ವಿಷಯ. 1.5 ಎಂದು ನೋಡಿ ಹೋದವರು ಎದುರಿಗೆ ಕಾಣುವ ಸಂದಿಗಳನ್ನಷ್ಟೇ ನೋಡಿದ್ದಾರೆ. ಲಾಗ್‌ಗಳಲ್ಲಿ ಅದು ಸ್ಪಷ್ಟ: “ದೊಡ್ಡ ಗುಂಡಿನ ಬುಡ ನೋಡಿದೆವು”, “ದಾರಿ ಪಕ್ಕದ ಸಂದಿ ನೋಡಿದೆವು.” ಮೇಲೆ ಹತ್ತಿ ನೋಡಿದವರು ಯಾರೂ ಇಲ್ಲ. ಸುಲಭದ ಡಬ್ಬಿಗೆ ಯಾರು ಹತ್ತುತ್ತಾರೆ? ಕಡಿಮೆ ಅಂಕವೇ ಡಬ್ಬಿಗೆ ಎರಡನೇ ಮುಚ್ಚಳವಾಯಿತು. ಬೆಂಗಳೂರಿನವರಂಥ ಪಳಗಿದವರು ಸೋತದ್ದೂ ಹೀಗೆ. ಅವರಿಗೆ 1.5ರ ಡಬ್ಬಿ ಎಂಥ ಜಾಗದಲ್ಲಿರುತ್ತದೆ ಎಂಬುದು ಅಭ್ಯಾಸವಾಗಿ ಕೂತಿದೆ, ಅಂಥ ಜಾಗದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎನಿಸಿತು.

ಋತುವಿನ ಪಾತ್ರವೂ ಇದೆ. ಬೇಸಿಗೆಯಲ್ಲಿ ಬೋಳಾಗಿದ್ದ ಸೀತಾಫಲದ ಪೊದೆ ಮಳೆ ಬಿದ್ದ ಮೇಲೆ ಚಿಗುರಿ ಬಗಲಿನ ದಾರಿಯನ್ನೇ ಮುಚ್ಚಿತು. ಮೇಷ್ಟ್ರು ಅಂಕ ಕೊಟ್ಟದ್ದು ಬೋಳು ಪೊದೆ ನೋಡಿ. ಆದರೆ ಇದೇ ಮುಖ್ಯ ಕಾರಣ ಎನ್ನಲಾರೆ. ಎಲೆಯಿಲ್ಲದ ಕಾಲದಲ್ಲಿ ಹೋದ ದಂಪತಿಗೂ ಸಿಕ್ಕಿಲ್ಲವಲ್ಲ.

ಯಾರೂ ಲಾಗ್‌ನಲ್ಲಿ ಬರೆಯದ, ಕೇಳಿದಾಗ ಮಾತ್ರ ಒಪ್ಪಿಕೊಂಡ ಕಾರಣ ಇನ್ನೊಂದು: ಸಂದಿಗೆ ಕೈ ಹಾಕಲು ಭಯ. ಚೇಳು, ಹಾವು. ಟಾರ್ಚು ಬಿಟ್ಟು ನೋಡಿ, ಕಾಣದಿದ್ದರೆ ಮುಂದಕ್ಕೆ. ಬೂದಿ ಬಣ್ಣದ ಡಬ್ಬಿ ಟಾರ್ಚಿನ ಬೆಳಕಿಗೆ ಕಲ್ಲಿನಂತೆಯೇ ಕಾಣುತ್ತದೆ. ಈ ಭಯವನ್ನು ನಾನು ತಪ್ಪು ಎನ್ನುವುದಿಲ್ಲ. ಕೈ ಹಾಕುವ ಮೊದಲು ಕೋಲಿನಿಂದ ತಡವಿ ನೋಡುವುದೇ ಸರಿ. ಜೋಗಿಮಟ್ಟಿ ಕಡೆಯ ಕಾಡಿನಲ್ಲಿ ಕರಡಿಗಳಿರುವುದರಿಂದ ನಮ್ಮವರು ಹೊತ್ತು ಇಳಿಯುವ ಮೊದಲೇ ಗುಡ್ಡ ಬಿಡುತ್ತಾರೆ, ಹುಡುಕುವ ಸಮಯ ಅಷ್ಟರಮಟ್ಟಿಗೆ ಕಡಿಮೆ. ಅಮೆರಿಕದಲ್ಲಿ ರೂಪುಗೊಂಡ ಅಂದಾಜಿನ ಅಂಕಗಳಲ್ಲಿ ಇದಕ್ಕೆಲ್ಲ ಜಾಗವಿದೆಯೋ ಇಲ್ಲವೋ, ನಮ್ಮ ಗುಡ್ಡಗಳಿಗೆ ಅಂಕ ಕೊಡುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಏನು ಬದಲಾಯಿಸಿದೆವು

ಡಬ್ಬಿಯ ಜಾಗ ಬದಲಿಸಬಾರದು ಎಂದು ಎಲ್ಲರೂ ಒಪ್ಪಿದೆವು. ಜಾಗ ಚೆನ್ನಾಗಿದೆ, ಕೆಟ್ಟದ್ದು ಅದರ ಸುತ್ತಲಿನ ಮಾಹಿತಿ. ಮೇಷ್ಟ್ರು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅಕ್ಷಾಂಶ ರೇಖಾಂಶ ಓದಿ, ಸರಾಸರಿ ತೆಗೆದರು. ಉಪಗ್ರಹಗಳು ಆಕಾಶದಲ್ಲಿ ಜಾಗ ಬದಲಿಸುತ್ತಲೇ ಇರುವುದರಿಂದ ಒಂದೇ ಹೊತ್ತಿನಲ್ಲಿ ನೂರು ಸಲ ಓದುವುದಕ್ಕಿಂತ ಬೇರೆ ಬೇರೆ ಹೊತ್ತಿನ ಕೆಲವು ಓದು ಮೇಲು. ಗುಡ್ಡ ಹತ್ತುವ ಹಿಂಬದಿಯ ದಾರಿ ಶುರುವಾಗುವ ಜಾಗವನ್ನೂ ಪ್ರತ್ಯೇಕವಾಗಿ ಕೊಟ್ಟರು. ಅಕ್ಷಾಂಶ ರೇಖಾಂಶ ಬರೆಯುವ ಪದ್ಧತಿ ಯಾವುದು ಎಂದು ಮೊದಲ ಸಾಲಿನಲ್ಲೇ ಹೇಳಿದರು. ಸುಳಿವು ಈಗ: “ಮೊದಲು ಹತ್ತಿ, ಇಳಿಯುವಾಗ ಹುಡುಕಿ.” ಹುಡುಕುವ ಕಷ್ಟ 3, ದಾರಿಯ ಕಷ್ಟವೂ 3. ಸುಳಿವು ಇಷ್ಟು ಸ್ಪಷ್ಟವಿದ್ದ ಮೇಲೆ 2.5 ಸಾಕಿತ್ತು ಎಂಬುದು ನನ್ನ ಅಭಿಪ್ರಾಯ. ಮಂಡಕ್ಕಿ ತಿಂದ ಹುಡುಗಿ 3.5ಕ್ಕೆ ಪಟ್ಟು ಹಿಡಿದಿದ್ದಳು.

ಕುರಿ ಕಾಯುವವರಿಗೆ ಮೇಷ್ಟ್ರ ಭಾವಮೈದುನರೇ ವಿಷಯ ತಿಳಿಸಿದರು. ಡಬ್ಬಿಯೊಳಗೆ ಕನ್ನಡದಲ್ಲಿ ಒಂದು ಚೀಟಿ ಸೇರಿತು: ಇದು ಆಟದ ಡಬ್ಬಿ, ಒಳಗೆ ಪುಸ್ತಕ ಪೆನ್ಸಿಲ್ ಬಿಟ್ಟು ಬೆಲೆ ಬಾಳುವುದು ಏನೂ ಇಲ್ಲ, ಜಮೀನಿನವರ ಒಪ್ಪಿಗೆಯಿಂದ ಇಟ್ಟದ್ದು. ಅನುಮಾನ ಹೋಯಿತು. ಅದರ ಬದಲು ಹೊಸ ತಾಪತ್ರಯ ಹುಟ್ಟಿತು. ಅಂದು ಅಮಾವಾಸ್ಯೆ ಕೇಳಿದ್ದ ಯಜಮಾನರು ಈಗ ಯಾರಾದರೂ ಹುಡುಕುತ್ತಿದ್ದರೆ ದೂರದಿಂದಲೇ “ಅಲ್ಲಲ್ಲ, ಇನ್ನೂ ಮ್ಯಾಲೆ, ಮ್ಯಾಲೆ” ಎಂದು ಕೂಗುತ್ತಾರಂತೆ. ಕುರಿ ಬಂದ ದಿನ ಅದು 1.5ರ ಡಬ್ಬಿಯೇ.

ಬೋಲ್ಟಿನ 4ನ್ನು 2ಕ್ಕೆ ಇಳಿಸಿ ಎಂದು ಗುಂಪಿನಲ್ಲಿ ಎಲ್ಲರೂ ಒತ್ತಾಯಿಸಿದರು. ಮೇಷ್ಟ್ರು ಒಪ್ಪಲಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು, ಭಾವಮೈದುನರು ಗೇಟಿಗೆ ಹಸಿರು ಪೇಂಟ್ ಹೊಡೆಸಿದರು. ಪೇಂಟ್ ಹೊಡೆದವನಿಗೆ ಯಾರೂ ಹೇಳಿರಲಿಲ್ಲ. ಎಲ್ಲ ಬೋಲ್ಟುಗಳ ಜೊತೆ ಅದಕ್ಕೂ ಎರಡು ಕೋಟು ಬಿತ್ತು. ತುಕ್ಕಿನ ವ್ಯತ್ಯಾಸ ಮಾಯ, ಅಲ್ಲಾಡಿಸಿದರೆ ಅಲ್ಲಾಡುವುದೂ ಇಲ್ಲ. ಆಮೇಲೆ ಹೋದ ಇಬ್ಬರು ಡಿಎನ್‌ಎಫ್ ಬರೆದಿದ್ದಾರೆ. ಮೇಷ್ಟ್ರು 4ನ್ನು ಹಾಗೇ ಉಳಿಸಿ, ಸುಳಿವಿನ ಜಾಗದಲ್ಲಿ ಒಂದು ಸಾಲು ಸೇರಿಸಿದ್ದಾರೆ: “ಹಿಂದುಗಡೆ ನಟ್ಟು ನೋಡಿ. ಪೇಂಟ್ ಕೆರೆಯಲು ಬ್ಲೇಡ್ ತನ್ನಿ.”